ಬೈಕ್ ಸ್ಟ್ಯಾಂಡ್ ಸದ್ದಿಗೆ ಎಚ್ಚರವಾಗುವ ಮಗು: ಡಾ. ಫೆಲಿಟಿ ಸಂಶೋಧನೆಯ ಕಥೆ

(ದೃಶ್ಯ: ಮೂಡಿಗೆರೆ ಹತ್ತಿರದ ಕಾಫಿ ತೋಟ, ಸಂಜೆ, ಹಿಂದೆ ಲೈನ್ ಮನೆಗಳು)

ನಮಸ್ಕಾರ. ಈ ಕಡೆಯವರಿಗೆ ಕಾಡಾನೆ ಭಯ ಏನು ಅಂತ ಹೇಳಿಕೊಡಬೇಕಾಗಿಲ್ಲ. ತೋಟಕ್ಕೆ ಆನೆ ಇಳಿದಿದೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದ ರಾತ್ರಿ, ಒಂದು ಕಡ್ಡಿ ಮುರಿದರೂ ಎದ್ದು ಕೂರುತ್ತೇವೆ. ಎದೆ ಡವಡವ ಅನ್ನುತ್ತದೆ. ಆನೆ ಆಚೆ ದಾಟಿತು ಅಂದ ಮೇಲೆ ಮೈ ಸಡಿಲವಾಗುತ್ತದೆ, ಅಲ್ವಾ?

ನನಗೆ ಗೊತ್ತಿದ್ದ ಒಬ್ಬ ಹುಡುಗನಿಗೆ ಆ ಭಯ ಮನೆಯಲ್ಲೇ ಇತ್ತು. ಆಗ ಎರಡನೇ ಕ್ಲಾಸು. ಅಪ್ಪ ಬೈಕಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ಕುಡಿದಿದ್ದಾರಾ ಇಲ್ವಾ ಅಂತ ಹೇಳುತ್ತಿದ್ದ. ಟಕ್ ಅಂತ ಒಂದೇ ಸಲಕ್ಕೆ ಬಿದ್ದರೆ ಸರಿ. ಕಾಲು ಎರಡು ಮೂರು ಸಲ ತಡಕಾಡಿದರೆ ತಂಗಿಯನ್ನು ಎಬ್ಬಿಸಿಕೊಂಡು ಹಿಂದಿನ ಬಾಗಿಲಿನಿಂದ ಪಕ್ಕದ ಮನೆ ಅಜ್ಜಿ ಹತ್ತಿರ ಓಡುತ್ತಿದ್ದ, ಆಕೆ ಅದಕ್ಕೇ ಅಂತ ಚಿಲಕ ಹಾಕದೆ ಮಲಗುತ್ತಿದ್ದರು. ಮಾರನೇ ದಿನ ಕ್ಲಾಸಿನಲ್ಲಿ ನಿದ್ದೆ. ಸ್ಕೂಲಿನಲ್ಲಿ ಅವನಿಗೆ ಸೋಮಾರಿ ಅಂತ ಹೆಸರು.

(ದೃಶ್ಯ: ಬರೀ ಕುರ್ಚಿ, ಕ್ಲಿನಿಕ್)

ಇಂಥ ಮಕ್ಕಳು ದೊಡ್ಡವರಾದ ಮೇಲೆ ಅವರ ಮೈಗೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಸ್ಯಾನ್ ಡಿಯಾಗೋದ ಡಾ. ವಿನ್ಸೆಂಟ್ ಫೆಲಿಟಿ. ಅವರು ಶುರು ಮಾಡಿದ್ದು ಬೇರೆಯದೇ ಕೆಲಸ. 1980ರ ದಶಕದಲ್ಲಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ವಿಚಿತ್ರ ಏನೆಂದರೆ, ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾ ಹೋದರು. ಒಬ್ಬ ಹೆಂಗಸಿಗೆ, ಮೊದಲ ಸಲ ದೈಹಿಕ ಸಂಬಂಧ ಆದಾಗ ನಿಮಗೆ ಎಷ್ಟು ವಯಸ್ಸು ಅಂತ ಕೇಳುವ ಬದಲು ಬಾಯಿ ತಪ್ಪಿ ಎಷ್ಟು ತೂಕ ಇದ್ರಿ ಅಂತ ಕೇಳಿಬಿಟ್ಟರು. ಆಕೆ ಹೇಳಿದ್ದು 40 ಪೌಂಡ್. ನಮ್ಮ ಲೆಕ್ಕದಲ್ಲಿ 18 ಕೆಜಿ. ಪುಟ್ಟ ಮಗುವಿನ ತೂಕ. ಆಮೇಲೆ ಆಕೆ ಅಳುತ್ತಾ ಹೇಳಿದರು, ಅದು ನನ್ನ ಅಪ್ಪ ಅಂತ.

ಕಥೆಯ ಈ ಜಾಗಕ್ಕೆ ಬಂದಾಗೆಲ್ಲ ನಾನು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ.

ಹೀಗೆ 286 ಜನರನ್ನು ಮಾತಾಡಿಸಿದರು. ಹೆಚ್ಚಿನವರ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಇತ್ತು. ಕೆಲವರಿಗೆ ದಪ್ಪ ಮೈಯೇ ಕಾವಲು. ದಪ್ಪ ಇದ್ದರೆ ಯಾರ ಕಣ್ಣೂ ಬೀಳುವುದಿಲ್ಲ ಅನ್ನುವ ಧೈರ್ಯ. ಈ ವಿಷಯ ಹೇಳಿದಾಗ ಬೇರೆ ಡಾಕ್ಟರುಗಳು ಮೊದಲು ನಂಬಲಿಲ್ಲ. ಆಮೇಲೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ಡಾ. ರಾಬರ್ಟ್ ಆಂಡಾ ಜೊತೆ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಜಾಸ್ತಿ ಜನರ ಬಾಲ್ಯದ ಬಗ್ಗೆ ಕೇಳಿದರು: ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ಅಮ್ಮನಿಗೆ ಹೊಡೆಯುವುದು ಇಂಥವು. 1998ರಲ್ಲಿ ಮೊದಲ ವರದಿ ಬಂತು. ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ನೋವು ಕಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಇವುಗಳ ಅಪಾಯ, ಒಂದೂ ಕಾಣದವರಿಗೆ ಹೋಲಿಸಿದರೆ 4ರಿಂದ 12 ಪಟ್ಟು ಇತ್ತು. ಹೃದಯದ ಕಾಯಿಲೆ ಕೂಡ ಜಾಸ್ತಿ. ಈ ಅಧ್ಯಯನದಲ್ಲಿದ್ದವರು ಹೆಚ್ಚಾಗಿ ಓದಿದವರು, ಇನ್ಶೂರೆನ್ಸ್ ಇದ್ದವರು. ಹಾಗಾಗಿ ಬಡವರ ಮನೆಯ ಸಮಸ್ಯೆ ಅಂತ ತಳ್ಳಿಹಾಕಲು ಆಗಲಿಲ್ಲ.

ಒಂದು ಎಚ್ಚರಿಕೆ. ಎಷ್ಟು ಬಗೆಯ ನೋವು ಕಂಡಿದ್ದೇವೋ ಅಷ್ಟು ಸ್ಕೋರ್ ಅಂತ ಲೆಕ್ಕ. ಆನ್‌ಲೈನ್‌ನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಸ್ಕೋರ್ ಆರು ಬಂತು, ನನ್ನ ಕಥೆ ಮುಗೀತು ಅಂತ ಕೂರಬೇಡಿ. ಈ ಸ್ಕೋರ್‌ನಿಂದ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಬಾರದು ಅಂತ 2020ರಲ್ಲಿ ಆಂಡಾ ಅವರೇ ಬರೆದರು. ಆ ಹುಡುಗ ಈಗ ಹಾಸನದಲ್ಲಿ ಕೆಲಸದಲ್ಲಿದ್ದಾನೆ, ಮಗಳಿದ್ದಾಳೆ. ಆ ಅಜ್ಜಿಯ ಬಾಗಿಲನ್ನು ಯಾವ ಸ್ಕೋರ್ ಎಣಿಸುತ್ತದೆ ಹೇಳಿ?

(ದೃಶ್ಯ: ಪರದೆ ಮೇಲೆ 1098)

ನಮ್ಮ ದೇಶದಲ್ಲಿ 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನ ಬಂತು. 13 ರಾಜ್ಯ, 12,447 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಬಂತು. ಸ್ಟೇಷನ್‌ಗೆ ಹೆದರಿ ಸುಮ್ಮನಿರುವವರು ಇದನ್ನು ತಿಳಿದುಕೊಳ್ಳಿ: ಹೇಳಿಕೆ ಪಡೆಯಲು ಪೊಲೀಸರು ಮಗುವಿನ ಮನೆಗೇ ಬರಬಹುದು, ಯೂನಿಫಾರ್ಮ್ ಹಾಕಿರಬಾರದು, ರಾತ್ರಿ ಮಗುವನ್ನು ಸ್ಟೇಷನ್‌ನಲ್ಲಿ ಇರಿಸಿಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ಮಗು ಹೇಳಲು ಬಾಯಿ ತೆರೆದರೆ ಮಧ್ಯೆ ಪ್ರಶ್ನೆ ಹಾಕಬೇಡಿ. ಪೂರ್ತಿ ಹೇಳಲಿ. ಆಮೇಲೆ 'ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ನಿನ್ನ ತಪ್ಪೇನೂ ಇಲ್ಲ' ಅನ್ನಿ, ಫೋನ್ ಮಾಡಿ.