ಕೆಲಸ ನೋಡದೆ ನಾಯಿಗೆ ಕ್ರಾಸ್ ಮಾಡಿಸಬೇಡಿ ಮಾರಾಯ್ರೆ

ನಮಸ್ಕಾರ. ಇವತ್ತು ನಾನು ಉಣ್ಣಿ ಬಗ್ಗೆ ಮಾತಾಡಬೇಕಿತ್ತು. ಮಳೆ ಬಿಟ್ಟಿದೆ, ಹುಲ್ಲು ಬೆಳೆದಿದೆ, ಎಲ್ಲರ ನಾಯಿಯೂ ಕಿವಿ ಕೆರೆಯುತ್ತಾ ಕೂತಿದೆ. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಅದು ಮುಂದಿನ ವಾರ. ಯಾಕಂದರೆ ಮೊನ್ನೆ ಭಾನುವಾರ ಆದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಎಂಟೂವರೆ ಇರಬಹುದು. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ಗೇಟಿನ ಹತ್ತಿರ ಒಂದು ಕಾರು ಬಂದು ನಿಂತಿತು. ಬ್ರಹ್ಮಾವರ ಕಡೆಯವರು. ಫೋನಿಲ್ಲ, ಮೆಸೇಜಿಲ್ಲ. ಇಳಿದವರೇ ಹೇಳಿದರು, "ಅಣ್ಣಾ, ನಿಮ್ಮ ವಿಡಿಯೋ ಒಂದೂ ಬಿಡುವುದಿಲ್ಲ ನಾವು. ಹಿಂದಿನ ಸೀಟಿನಲ್ಲಿ ನಮ್ಮ ಹೆಣ್ಣು ನಾಯಿ ಉಂಟು. ಹೀಟಿಗೆ, ಅಂದರೆ ಬೆದೆಗೆ ಬಂದು ಹನ್ನೊಂದು ದಿನ ಆಯ್ತು. ನಿಮ್ಮ ಕಾಟಿಯನ್ನು ಒಮ್ಮೆ ಬಿಡಿ. ಒಳ್ಳೆಯ ಮರಿ ಒಂದು ನಿಮಗೇ."

ಕಾಟಿ ಯಾರು ಅಂತ ಹೊಸಬರಿಗೆ ಹೇಳುತ್ತೇನೆ. ನನ್ನ ಜರ್ಮನ್ ಶೆಫರ್ಡ್. ಕಾಟಿ ಅಂದರೆ ಕಾಡುಕೋಣ; ಇವನದ್ದೂ ಕಪ್ಪು ಬಣ್ಣ, ಅದಕ್ಕೇ ಆ ಹೆಸರು. ಹಗಲು ತೋಟದಲ್ಲಿ ಮಂಗ ಓಡಿಸುತ್ತಾನೆ, ರಾತ್ರಿ ಅಂಗಳದ ಅಡಿಕೆ ಕಾಯುತ್ತಾನೆ. ನೋಡಲಿಕ್ಕೆ ಭಾರೀ ಚಂದ. ವಯಸ್ಸು 16 ತಿಂಗಳು. ಈ 16 ತಿಂಗಳು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ನಾನು ಆಗುವುದಿಲ್ಲ ಅಂದೆ. ಅವರಿಗೆ ಬೇಜಾರಾಯಿತು. "ಗಂಡು ನಾಯಿಗೆ ಏನು ನಷ್ಟ ಅಣ್ಣಾ?" ಅಂದರು. ಈ ಮಾತಿಗೇ ನಾನು ಇವತ್ತು ಕ್ಯಾಮೆರಾ ಮುಂದೆ ಕೂತದ್ದು.

ನನ್ನ ಮಾತು ಇಷ್ಟೇ. ನಾಯಿಯ ಕೆಲಸ ಪೂರ್ತಿ ನೋಡದೆ ಕ್ರಾಸ್, ಅಂದರೆ ಮರಿಗಾಗಿ ಮೇಟಿಂಗ್, ಮಾಡಿಸಬೇಡಿ.

ಗಂಡು ನಾಯಿಗೆ ಎಂಟು, ಒಂಬತ್ತು ತಿಂಗಳಿಗೇ ಮರಿ ಹುಟ್ಟಿಸುವ ಶಕ್ತಿ ಬರುತ್ತದೆ. ಸರಿ. ಮೀಸೆ ಚಿಗುರಿತು ಅಂತ ಎಸ್ಸೆಸ್ಸೆಲ್ಸಿ ಹುಡುಗನಿಗೆ ಹೆಣ್ಣು ನೋಡುತ್ತೀರಾ? ದೊಡ್ಡ ಜಾತಿಯ ನಾಯಿಯ ತಲೆ ಬಲಿಯಲಿಕ್ಕೆ ಎರಡು ವರ್ಷ ಬೇಕು, ಕೆಲವಕ್ಕೆ ಮೂರು. ಅಲ್ಲಿಯವರೆಗೆ ನಾವು ನೋಡುವುದು ಅರ್ಧ ನಾಯಿಯನ್ನು.

ಒಂದು ಉದಾಹರಣೆ ಕೊಡುತ್ತೇನೆ. ದೀಪಾವಳಿಗೆ ಮೊದಲು, ಒಂದು ರಾತ್ರಿ. ತೋಟದ ಕೆಳಗಿನ ಬದಿಗೆ ಕಾಡುಹಂದಿ ಬಂತು. ಕಾಟಿ ಬೊಗಳಿಕೊಂಡು ಸೀದಾ ಹೋದ, ಒಂದು ಹೆಜ್ಜೆ ಹಿಂದೆ ಇಡಲಿಲ್ಲ. ನನಗೆ ಎದೆ ಉಬ್ಬಿ ಬಂತು. ಅದೇ ವಾರ ಪಕ್ಕದ ಊರಿನಲ್ಲಿ ಗರ್ನಾಲು, ಅಂದರೆ ದೊಡ್ಡ ಶಬ್ದದ ಪಟಾಕಿ, ಹೊಡೆದರು. ಮೊದಲ ಶಬ್ದಕ್ಕೇ ಕಾಟಿ ಜೀಪಿನ ಅಡಿಗೆ ಹೋದ. ನಾನು ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಕಿವಿ ಹಿಂದೆ ಒತ್ತಿಕೊಂಡಿದ್ದ, ಹಿಂಗಾಲು ನಡುಗುತ್ತಿತ್ತು. ಸುಮಾರು ಹತ್ತು ನಿಮಿಷ ಬಿಟ್ಟು ತಾನಾಗಿಯೇ ಹೊರಗೆ ಬಂದ, ಮೈ ಕೊಡವಿಕೊಂಡ, ಅಂಗಳಕ್ಕೆ ಒಂದು ಸುತ್ತು ಹಾಕಿದ.

ಈಗ ಹೇಳಿ. ಅದು ವಯಸ್ಸಿನ ಹೆದರಿಕೆಯಾ, ರಕ್ತದ ಹೆದರಿಕೆಯಾ? ವಯಸ್ಸಿನದ್ದಾದರೆ ಮುಂದಿನ ವರ್ಷ ಗರ್ನಾಲಿಗೆ ತಲೆ ಎತ್ತಿ ಸಹ ನೋಡುವುದಿಲ್ಲ. ರಕ್ತದ್ದಾದರೆ ಅವನ ಮರಿಗಳಿಗೂ ಬರಬಹುದು. 16 ತಿಂಗಳಲ್ಲಿ ಅದನ್ನು ನಾನೂ ಹೇಳಲಾರೆ, ಬ್ರಹ್ಮಾವರದವರೂ ಹೇಳಲಾರರು. ಗೊತ್ತಿಲ್ಲದ್ದನ್ನು ಏಳೆಂಟು ಮರಿಗೆ ಹಂಚುವುದು ಯಾಕೆ?

ಇಲ್ಲಿ ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಮಾಡಿ. ಶಬ್ದದ ಹೆದರಿಕೆ ಬಿಡಿಸುವ ಬಗ್ಗೆ ಎರಡು ವಿಡಿಯೋ ಹಾಕಿದ್ದೇನೆ. ಪಾತ್ರೆ ಬೀಳಿಸುವುದರಿಂದ ಶುರು ಮಾಡುವುದು. ನೋಡಿ, ಉಪಯೋಗ ಉಂಟು.

ಕಂಬಳ ಗೊತ್ತುಂಟಲ್ಲ ನಿಮಗೆ. ಯಾರ ಕೋಣವೇ ಆಗಲಿ, ಮೈ ಮಿರಿಮಿರಿ ಮಿಂಚಲಿ, ಕೊಂಬು ಚಂದ ಇರಲಿ. ಮೊದಲು ನೇಗಿಲು ಕಿರಿಯ ಎಂಬ ಎಳೆ ಕೋಣಗಳ ವಿಭಾಗದಲ್ಲಿ ಓಡಬೇಕು. ಆಮೇಲೆ ಹಿರಿಯ. ಕರೆಯ, ಅಂದರೆ ಓಟದ ಗದ್ದೆಯ, ಕೆಸರಿನಲ್ಲಿ ಓಡಿ ತೋರಿಸದ ಕೋಣವನ್ನು ನಮ್ಮ ಊರಿನಲ್ಲಿ ಯಾರೂ ಹೊಗಳುವುದಿಲ್ಲ. ಕೋಣದ ವಿಷಯದಲ್ಲಿ ನಮಗೆ ಇರುವ ಬುದ್ಧಿ ನಾಯಿಯ ವಿಷಯಕ್ಕೆ ಬರುವಾಗ ಎಲ್ಲಿ ಹೋಗುತ್ತದೆ?

ಜರ್ಮನ್ ಶೆಫರ್ಡ್ ಜಾತಿಯನ್ನು ಕಟ್ಟಿದವರೂ ಇದನ್ನೇ ಮಾಡಿದ್ದು. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ವಾನ್ ಸ್ಟೆಫನಿಟ್ಸ್ ಎಂಬ ಸೈನ್ಯದ ಅಧಿಕಾರಿ ಕುರಿ ಕಾಯುವ ಒಂದು ನಾಯಿಯನ್ನು ಕೊಂಡರು. ಆ ನಾಯಿಯೇ ಈ ಜಾತಿಯ ಪುಸ್ತಕದಲ್ಲಿ ಮೊದಲನೇ ಹೆಸರು. ಚಂದ ಇರುವುದಕ್ಕಿಂತ ಕೆಲಸ ಮಾಡುವುದು ಮುಖ್ಯ ಅಂತ ಅವರ ಹಟ. ಇವತ್ತಿಗೂ ಅಲ್ಲಿನ ಸಂಘದಲ್ಲಿ ತಳಿಗೆ ಬಿಡುವ ನಾಯಿ ಸೈಕಲ್ ಪಕ್ಕದಲ್ಲಿ 20 ಕಿಲೋಮೀಟರ್ ಓಡಬೇಕು. ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ಆಗಬೇಕು. ಕೆಲಸದ ಪರೀಕ್ಷೆ ಪಾಸಾಗಬೇಕು. ನಾವು ಏನು ಕೇಳುತ್ತೇವೆ? "ಬಣ್ಣ ಎಂಥದು?"

ಎಕ್ಸ್‌ರೇ ಅಂದ ಕೂಡಲೆ ನನಗೆ ನನ್ನ ಮೊದಲ ನಾಯಿ ನೆನಪಾಗುತ್ತದೆ. ಅವಳ ಅಪ್ಪನನ್ನು 11 ತಿಂಗಳಿಗೇ ಕ್ರಾಸಿಗೆ ಬಿಟ್ಟಿದ್ದರು. ಯಾರು ಅಂತ ಹೇಳುವುದಿಲ್ಲ. ಅದು ನನಗೆ ಗೊತ್ತಾದದ್ದು ಅವಳನ್ನು ತಂದ ಎಷ್ಟೋ ಸಮಯದ ನಂತರ. ಎರಡು ವರ್ಷ ಚೆನ್ನಾಗಿಯೇ ಇದ್ದಳು. ಮೂರನೇ ಮಳೆಗಾಲದಲ್ಲಿ, ತೋಟಕ್ಕೆ ಇಳಿಯುವ ಕೆಂಪು ಕಲ್ಲಿನ ಮೆಟ್ಟಿಲು ಇದೆಯಲ್ಲ, ಅದರ ಮೇಲೆ ನಿಂತು ನನ್ನ ಮುಖ ನೋಡಿದಳು. ಇಳಿಯಲಿಲ್ಲ. ನಾನು ಕರೆದೆ. ಮುಂಗಾಲು ಒಂದು ಮೆಟ್ಟಿಲು ಕೆಳಗೆ ಇಟ್ಟಳು, ಹಿಂಗಾಲು ಎರಡೂ ಒಟ್ಟಿಗೆ ಮೊಲದ ಹಾಗೆ ಹಾರಿಸಿದಳು. ಎಕ್ಸ್‌ರೇಯಲ್ಲಿ ಎರಡೂ ಕಡೆ ಸೊಂಟದ ಗುಂಡು ಕೀಲಿನ ಗುಳಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಆಮೇಲೆ ನಾಲ್ಕು ವರ್ಷ ಅವಳನ್ನು ನಾನು ಎತ್ತಿಕೊಂಡೇ ಮೆಟ್ಟಿಲು ಹತ್ತಿಸಿದೆ. 34 ಕಿಲೋ ಇದ್ದಳು. ಭಾರ ಆಯಿತು ಅಂತ ಹೇಳುತ್ತಿಲ್ಲ. ಅವಳು ಅನುಭವಿಸಿದ ನೋವಿಗೆ ಹೇಳುತ್ತಿದ್ದೇನೆ.

ಸೊಂಟದ ಈ ದೋಷ ರಕ್ತದಲ್ಲಿ ಬರುತ್ತದೆ. ನಾಯಿ ಕುಂಟದೆ ಓಡುತ್ತಿದ್ದರೂ ಒಳಗೆ ದೋಷ ಇರಬಹುದು. ಅಮೆರಿಕದಲ್ಲಿ ಕೀಲಿನ ಖಾಯಂ ಸರ್ಟಿಫಿಕೇಟ್ ಕೊಡುವವರು 24 ತಿಂಗಳು ತುಂಬದೆ ಕೊಡುವುದೇ ಇಲ್ಲ. ಹಾಗಾದರೆ ಕೆಲಸ ನೋಡಿ, ಕೀಲು ನೋಡಿ, ಆಮೇಲೆ ಕ್ರಾಸಿನ ಮಾತು ಎತ್ತಿ.

"ಪೇಪರ್ ಉಂಟು, ಕೆಸಿಐ ಸರ್ಟಿಫಿಕೇಟ್ ಉಂಟು" ಅನ್ನುತ್ತಾರೆ. ಕೆಸಿಐ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ. ಇರಲಿ. ಅಪ್ಪ ಯಾರು, ಅಜ್ಜ ಯಾರು ಅಂತ ಅದರಲ್ಲಿ ಇರುತ್ತದೆ. ಗರ್ನಾಲಿಗೆ ಜೀಪಿನ ಅಡಿಗೆ ಹೋಗುತ್ತಾನಾ ಇಲ್ಲವಾ ಅಂತ ಇರುತ್ತದಾ?

ಇನ್ನೊಬ್ಬರು ಹೇಳುತ್ತಾರೆ, ಒಂದು ಸಲ ಮೇಟಿಂಗ್ ಆದರೆ ನಾಯಿ ಸಮಾಧಾನ ಆಗುತ್ತದೆ ಅಂತ. ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದಂತೆ! ಯಾರು ಹೇಳಿದ್ದು ಮಾರಾಯ್ರೆ ಇದನ್ನು? ಜನ್ಮದಲ್ಲಿ ಒಮ್ಮೆಯೂ ಮೇಟಿಂಗ್ ಆಗದ ನಾಯಿಗಳು ಆರಾಮಾಗಿ ಮುದಿಯಾಗಿ ಬಿಸಿಲು ಕಾಯಿಸುತ್ತಾ ಮಲಗಿದ್ದನ್ನು ಎಷ್ಟು ನೋಡಿಲ್ಲ ನಾವು. ಹುಚ್ಚು ಬರುವುದು ರೇಬಿಸ್ ವೈರಸ್‌ನಿಂದ. ಅದಕ್ಕೆ ವರ್ಷಕ್ಕೊಂದು ಸಲ ಇಂಜೆಕ್ಷನ್ ಹಾಕಿಸಿ.

ಇನ್ನು, "ಗಂಡು ನಾಯಿಗೆ ಏನು ನಷ್ಟ?" ನಷ್ಟ ಉಂಟು. ಬ್ರುಸೆಲ್ಲಾ ಎಂಬ ರೋಗ ಮೇಟಿಂಗ್‌ನಲ್ಲಿ ಹರಡುತ್ತದೆ. ಹೆಣ್ಣಿಗೆ ಗರ್ಭ ಹೋಗುತ್ತದೆ, ಗಂಡಿನ ಬೀಜ ಊದಿಕೊಳ್ಳುತ್ತದೆ, ಮನುಷ್ಯರಿಗೂ ಅಂಟಬಹುದು. ಇನ್ನೊಂದು ಗಡ್ಡೆ ರೋಗ. ಅದು ಕ್ಯಾನ್ಸರ್, ಒಂದು ನಾಯಿಯಿಂದ ಇನ್ನೊಂದಕ್ಕೆ ಆ ಗಡ್ಡೆಯ ಜೀವಕೋಶವೇ ಹೋಗಿ ಬೆಳೆಯುತ್ತದೆ. ನಮ್ಮಲ್ಲಿ ಬೀದಿ ನಾಯಿಗಳಲ್ಲಿ ಅದು ಇದೆ. ವಾಸಿಯಾಗುತ್ತದೆ, ಆದರೆ ವಾರ ವಾರ ಇಂಜೆಕ್ಷನ್‌ಗೆ ಓಡಬೇಕು. ಕಾರಿನ ಹಿಂದಿನ ಸೀಟಿನಲ್ಲಿದ್ದ ಆ ಪಾಪದ ಹೆಣ್ಣು ನಾಯಿಗೆ ಒಂದು ಟೆಸ್ಟ್ ಕೂಡ ಮಾಡಿಸಿರಲಿಲ್ಲ. ವಯಸ್ಸು ಕೇಳಿದೆ. ಒಂದು ವರ್ಷ ಅಂದರು. ಒಂದು ವರ್ಷ! ಮರಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮ ಉಂಟು, 18 ತಿಂಗಳು ತುಂಬದ ಹೆಣ್ಣು ನಾಯಿಗೆ ಮರಿ ಹಾಕಿಸುವ ಹಾಗಿಲ್ಲ. ಅದು ಇನ್ನೂ ಬೆಳೆಯುತ್ತಿರುವ ಪ್ರಾಣಿ.

ನಾನು ಯಾರನ್ನೂ ಕೆಟ್ಟವರು ಅನ್ನುತ್ತಿಲ್ಲ. ಅವರು ನಾಯಿಗೆ ನೀರಿನ ಬಾಟಲಿ ತಂದಿದ್ದರು, ಸೀಟಿಗೆ ಹಳೆ ಬೈರಾಸು ಹಾಸಿದ್ದರು. ಪ್ರೀತಿ ಇದೆ. ಪ್ರೀತಿ ಇದ್ದವರೇ ಅವಸರ ಮಾಡಿದರೆ ಹೇಗೆ?

ಕೆಲಸ ನೋಡಿ. ಎರಡು ಮಳೆಗಾಲ ನೋಡಿ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಕೆಲಸ ಮಾಡುತ್ತಾನಾ ನೋಡಿ. ಸಿಡಿಲಿಗೆ ನೋಡಿ. ಮನೆಗೆ ಮಕ್ಕಳು ಬಂದಾಗ ನೋಡಿ, ಪೋಸ್ಟ್‌ಮ್ಯಾನ್ ಬಂದಾಗ ನೋಡಿ. ಹೇಳಿದ ಮಾತು ಕೇಳುತ್ತಾನಾ ನೋಡಿ. ನೋಡಿ ಅಂದರೆ ನೋಡಬೇಕು ಮಾರಾಯ್ರೆ, ಇನ್‌ಸ್ಟಾಗ್ರಾಮಿಗೆ ಫೋಟೋ ಹಾಕುವುದಲ್ಲ!

ಕೆಲಸ ನೋಡದೆ ಬೇಡ. ಬೇಡ ಅಂದರೆ ಬೇಡ.

ಬ್ರಹ್ಮಾವರದ ಅಣ್ಣ, ನೀವು ಇದನ್ನು ಖಂಡಿತ ನೋಡುತ್ತೀರಿ. ಬರುವ ಜುಲೈಗೆ ಕಾಟಿಗೆ 24 ತಿಂಗಳು. ಆಗ ಎಕ್ಸ್‌ರೇ ತೆಗೆಸುತ್ತೇನೆ, ರಿಪೋರ್ಟ್ ಏನೇ ಬರಲಿ ಇದೇ ಚಾನೆಲ್‌ನಲ್ಲಿ ತೋರಿಸುತ್ತೇನೆ. ಆಮೇಲೆ ಒಂದು ದೀಪಾವಳಿ ಕಳೆಯಲಿ. ನಿಮ್ಮ ನಾಯಿಯ ಬ್ರುಸೆಲ್ಲಾ ರಿಪೋರ್ಟ್ ಹಿಡಿದುಕೊಂಡು, ಮೊದಲು ಫೋನ್ ಮಾಡಿ ಬನ್ನಿ. ಕೀಲು ಸರಿ ಇದ್ದು, ಗರ್ನಾಲಿಗೆ ಜಗ್ಗದಿದ್ದರೆ ಕಾಟಿ ನಿಮ್ಮವನೇ. ಇಲ್ಲದಿದ್ದರೆ ಚಾ ಕುಡಿದು ಹೋಗಿ.