ತೆಳು ತಗಡಿಗೆ ಯಾವ ವೆಲ್ಡಿಂಗ್?

ಕೇಳುಗರಿಗೆ ನಮಸ್ಕಾರ. ಕರಾವಳಿಯಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ಈ ಕಥೆ ಹೊಸದಲ್ಲ. ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಒಂದು ದಿನ ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣಿಸುತ್ತದೆ!

ನಾನು ಇಂಥ ಕೆಲಸಕ್ಕೆ ಮೊದಲು ಕೈ ಹಾಕಿದ್ದು ಒಂದು ಮಾರುತಿ 800ರ ಫ್ಲೋರಿಗೆ. ಇದ್ದದ್ದು ಗೇಟು, ಗ್ರಿಲ್ಲು ಮಾಡುವ ಆರ್ಕ್ ಮಷೀನು. ರಾಡ್ ತಾಗಿಸಿದ್ದೇ ತಡ, ಟುಸ್ ಅಂತ ತೂತು. ಅದನ್ನು ಮುಚ್ಚಲು ಹೋದರೆ ಪಕ್ಕದಲ್ಲಿ ಇನ್ನೊಂದು. ನಾಣ್ಯದಷ್ಟಿದ್ದ ತುಕ್ಕು ಅರ್ಧ ಗಂಟೆಯಲ್ಲಿ ಅಂಗೈ ಅಗಲವಾಯಿತು.

ಕಾರಿನ ಹೊರಮೈ ತಗಡು ಸುಮಾರು 0.7, 0.8 ಮಿಲಿಮೀಟರ್ ಅಷ್ಟೇ. ಇಲ್ಲಿ ಅಂಟಿಸುವುದು ಕಷ್ಟವಲ್ಲ, ಕಾವು ತಡೆಯುವುದೇ ಕಷ್ಟ. ಯಾವ ವೆಲ್ಡಿಂಗ್ ಬೇಕು ಅನ್ನೋದು ಅಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಹಿರಿಯ ಟಿಂಕರಿಂಗ್ ಮೇಸ್ತ್ರಿಗಳು ಗ್ಯಾಸ್ ವೆಲ್ಡಿಂಗ್‌ನಲ್ಲೇ ಎಲ್ಲ ಮಾಡಿದವರು. ಬೆಸುಗೆ ಮೆತ್ತಗಿರುತ್ತದೆ, ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಬಹುದು. ಆದರೆ ಜ್ವಾಲೆ ಸುತ್ತಲಿನ ಜಾಗವನ್ನೆಲ್ಲ ಕಾಯಿಸುತ್ತದೆ, ಚಪ್ಪಟೆ ಬಾಗಿಲು ಹಪ್ಪಳದ ಹಾಗೆ ಏಳುತ್ತದೆ. ಗ್ಯಾರೇಜಿನವರು ಆರ್ಗಾನ್ ಅಂತ ಕರೆಯುವ ಟಿಗ್ ವೆಲ್ಡಿಂಗ್, ಅಂದರೆ ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಗಾನ್ ಗ್ಯಾಸಿನ ಮರೆಯಲ್ಲಿ ಮಾಡುವ ಬೆಸುಗೆ, ಚಂದ, ಅದರ ಬೆಸುಗೆಯೂ ತಟ್ಟಿದರೆ ಬಗ್ಗುತ್ತದೆ. ಆದರೆ ಅದಕ್ಕೆ ತಗಡು ಕನ್ನಡಿಯಂತಿರಬೇಕು. ಹತ್ತು ವರ್ಷ ಮಳೆ ತಿಂದ ಫ್ಲೋರಿನಲ್ಲಿ ಅಷ್ಟು ಸ್ವಚ್ಛ ಎಲ್ಲಿಂದ ತರೋದು?

ಹಾಗಾಗಿ ನನ್ನ ಓಟು ಮಿಗ್‌ಗೆ, ಅಂದರೆ ನಾವು ಸಿಒಟು ಅನ್ನೋ ಮಷೀನಿಗೆ. ಇದರ ಗನ್ನಿನಿಂದ ತೆಳು ವೈರ್ ತಾನಾಗಿ ಹೊರಬಂದು ಕರಗುತ್ತದೆ, ಬೆಸುಗೆಗೆ ಗಾಳಿ ತಾಗದಂತೆ ಸುತ್ತ ಗ್ಯಾಸ್ ಬರುತ್ತದೆ. ಹೆಸರು ಸಿಒಟು ಆದರೂ ತೆಳು ತಗಡಿಗೆ ಬರೀ ಸಿಒಟು ಹಾಕಬೇಡಿ. ಅದು ಆಳಕ್ಕೆ ಇಳಿಯುತ್ತದೆ, ಕಿಡಿಯೂ ಜಾಸ್ತಿ. ಸುಮಾರು 80 ಪಾಲು ಆರ್ಗಾನ್, 20 ಪಾಲು ಸಿಒಟು ಇರುವ ಮಿಕ್ಸ್ ಗ್ಯಾಸ್ ತನ್ನಿ. ವೈರ್ ಸಿಕ್ಕರೆ 0.6 ಮಿಲಿಮೀಟರಿನದು, ಇಲ್ಲದಿದ್ದರೆ 0.8. ಗ್ಯಾಸಿಲ್ಲದೆ ಓಡುವ ಫ್ಲಕ್ಸ್ ವೈರ್ ಅಗ್ಗದ ಆಸೆ ತೋರಿಸುತ್ತದೆ, ಆದರೆ ಅದರದು ಸುಡುವ ಕೈ.

ಇನ್ನು ಗೆರೆ ಎಳೆದಂತೆ ಉದ್ದಕ್ಕೆ ಓಡಿಸಬೇಡಿ. ಒಂದು ಚುಕ್ಕೆ ಹಾಕಿ, ಕೆಂಪು ಆರುವವರೆಗೆ ನೋಡಿ, ಅಲ್ಲಿಂದ ಒಂದು ಗೇಣು ಆಚೆ ಇನ್ನೊಂದು. ಆಮೇಲೆ ಈ ತುದಿ, ಆ ತುದಿ, ಮಧ್ಯ, ಹೀಗೆ ಹಾರಿ ಹಾರಿ, ರಂಗೋಲಿಗೆ ಮೊದಲು ಚುಕ್ಕಿ ಇಟ್ಟ ಹಾಗೆ, ಎಲ್ಲ ಚುಕ್ಕಿ ಕೂಡಿ ಗೆರೆಯಾಗುವ ತನಕ. ತೂತು ಬೀಳುವ ಜಾಗವಿದ್ದರೆ ಹಿಂದುಗಡೆ ದಪ್ಪ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ. ತಾಮ್ರಕ್ಕೆ ಉಕ್ಕು ಅಂಟುವುದಿಲ್ಲ, ಕಾವನ್ನೂ ಎಳೆದುಕೊಳ್ಳುತ್ತದೆ. ಮಿಗ್ ಬೆಸುಗೆ ಗಟ್ಟಿ, ಹಾಗಾಗಿ ಗ್ರೈಂಡರ್ ಬೇಕೇ ಬೇಕು. ಅಲ್ಲೂ ಅವಸರ ಮಾಡಿದರೆ ತಗಡು ನೀಲಿಗಟ್ಟುತ್ತದೆ, ಇಷ್ಟೊತ್ತು ಕಾಪಾಡಿದ್ದು ಹೋಯಿತು.

ಕಂಪನಿಯಲ್ಲಿ ಸ್ಪಾಟ್ ವೆಲ್ಡ್ ಮಾಡಿದ, ಅಂದರೆ ಎರಡು ಶೀಟನ್ನು ಒತ್ತಿ ಚುಕ್ಕೆ ಚುಕ್ಕೆಯಾಗಿ ಬೆಸೆದ ಜೋಡಣೆಯನ್ನು ಬಿಚ್ಚಿ ಹೊಸ ಶೀಟ್ ಕೂರಿಸುವಾಗ, ಮೇಲಿನ ಶೀಟಿಗೆ ಸುಮಾರು 8 ಮಿಲಿಮೀಟರ್ ತೂತು ಕೊರೆದು, ಅದರೊಳಗೇ ಕೆಳಗಿನ ಶೀಟ್ ಹಿಡಿಯುವಂತೆ ತುಂಬಿ. ಆದರೆ ಹೊಸ ಕಾರುಗಳ ಬಾಗಿಲ ನಡುವಿನ ಕಂಬದಲ್ಲಿ ಬಹಳ ಗಟ್ಟಿ ಉಕ್ಕು ಇರುತ್ತದೆ, ಕಾವು ತಾಗಿದರೆ ಬಲವೇ ಹೋಗುತ್ತದೆ. ಅದಕ್ಕೆ ಸುಮ್ನೆ ಕೈ ಹಾಕಬೇಡಿ, ಕಾರು ಕಂಪನಿ ಹೇಳಿದ ಕ್ರಮವೇ ಸರಿ.

ಸತು ಲೇಪನವಿದ್ದರೆ ಮೊದಲು ಉಜ್ಜಿ ತೆಗೆಯಿರಿ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಅಂದರೆ ಬೆಸುಗೆ ಕೂರುವ ಮೊದಲೇ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ. ನನಗೆ ಒಂದು ಸಲ ಬಂದಿದೆ, ಮನೆಯವರು ಮಲೇರಿಯಾ ಅಂದುಕೊಂಡಿದ್ದರು.

ಶುರು ಮಾಡುವ ಮೊದಲೇ ಬ್ಯಾಟರಿ ವೈರ್ ಬಿಚ್ಚಿಟ್ಟಿದ್ದೀರಿ, ಅಲ್ವಾ? ಸೀಟು, ಮ್ಯಾಟು ಹೊರಗೆ ತೆಗೆಯಿರಿ. ಮತ್ತೆ ಒಬ್ಬರನ್ನು ತಗಡಿನ ಆಚೆ ಬದಿಗೆ ನೀರಿನ ಬಕೆಟ್ಟು, ಒದ್ದೆ ಗೋಣಿ ಕೊಟ್ಟು ನಿಲ್ಲಿಸಿ. ಹೆಲ್ಮೆಟ್ಟಿನೊಳಗಿಂದ ನಿಮಗೆ ಆ ಕಡೆಯ ಬೆಂಕಿ ಕಾಣುವುದಿಲ್ಲ.