ಇಂಚಿಕೋರ್ ಕಡೆ ಒಂದು ಸುತ್ತು, ಪಾಲ್ ಮೆಗ್ರಾ ನೆಪದಲ್ಲಿ

ಹಾಂ, ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ಇಂಚಿಕೋರ್ ಅನ್ನೋ ಬಡಾವಣೆ, ಇದೇ ರಿಚ್ಮಂಡ್ ಪಾರ್ಕ್. ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಕ್ಲಬ್ ಮೈದಾನ. ನೋಡ್ತಿದ್ದೀರಲ್ಲ, ಮನೆಗಳ ಮಧ್ಯದಲ್ಲೇ ಸ್ಟೇಡಿಯಂ. ಇವತ್ತು ಮ್ಯಾಚ್ ಇಲ್ಲ, ಗೇಟ್ ಹಾಕಿದೆ. ಹೊರಗಿಂದ ಎಷ್ಟು ಕಾಣುತ್ತೋ ಅಷ್ಟೇ.

ಐರ್ಲೆಂಡ್ ಫುಟ್‌ಬಾಲರ್ ಅಂದ್ರೆ ರಾಯ್ ಕೀನ್ ಬಗ್ಗೆ ಮಾಡಿ ಅಂತೀರಿ. ಮಾಡಲ್ಲ. ಅವರ ವಿಷಯ ಅವರೇ ಟೀವಿಯಲ್ಲಿ ಬೇಕಾದಷ್ಟು ಮಾತಾಡ್ತಾರೆ. ನನಗೆ ಇದೇ ಕ್ಲಬ್ಬಲ್ಲಿ ಆಡಿದ್ದ ಐರ್ಲೆಂಡ್ ಡಿಫೆಂಡರ್ ಪಾಲ್ ಮೆಗ್ರಾ ಸಾಕು.

ಅಮ್ಮ ಐರಿಷ್, ಅಪ್ಪ ನೈಜೀರಿಯಾದವರು. ಮದುವೆ ಆಗಿರಲಿಲ್ಲ. ಆ ಕಾಲದ ಡಬ್ಲಿನ್‌ನಲ್ಲಿ ಜನ ಏನಂತಾರೋ ಅನ್ನೋ ಭಯಕ್ಕೆ ಅಮ್ಮ ಗುಟ್ಟಾಗಿ ಲಂಡನ್‌ಗೆ ಹೋಗಿ ಹೆತ್ರು. 1959ರ ಡಿಸೆಂಬರ್. ಮಗು ಬೆಳೆದಿದ್ದು ಮಾತ್ರ ಇಲ್ಲೇ, ಡಬ್ಲಿನ್‌ನ ಅನಾಥಾಲಯಗಳಲ್ಲಿ. ಸುತ್ತ ಎಲ್ಲ ಬಿಳಿ ಹುಡುಗರು, ಮಧ್ಯೆ ಇವರೊಬ್ಬರು. ಏನೆಲ್ಲ ಅನ್ನಿಸಿಕೊಂಡಿರಬೇಕು ಯೋಚಿಸಿ. ಆಮೇಲೆ ಡಾಲ್ಕಿ ಯುನೈಟೆಡ್ ಅಂತ ಸಣ್ಣ ಕ್ಲಬ್ಬು, ಅಲ್ಲಿಂದ 1981ರಲ್ಲಿ ಈ ಗೇಟಿನೊಳಗೆ. ಒಂದೇ ಸೀಸನ್ ಆಡಿದ್ದು, ಅಷ್ಟಕ್ಕೇ ‘ಇಂಚಿಕೋರ್‌ನ ಕಪ್ಪು ಮುತ್ತು’ ಅಂತ ಹೆಸರು ಬಿತ್ತು. 1982ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎತ್ತಾಕ್ಕೊಂಡು ಹೋಯ್ತು...

ಅಯ್ಯಯ್ಯೋ! ನೋಡಿದ್ರಾ? ಕೊಡೆ ಉಲ್ಟಾ ಆಯ್ತು. ಬೆಳಿಗ್ಗೆ ತಾನೇ ಸಿಟಿಯಲ್ಲಿ ತಗೊಂಡಿದ್ದು, 12 ಯೂರೋ! ನಮ್ಮ ದುಡ್ಡಲ್ಲಿ ಸಾವಿರದ ಮೇಲೇ ಆಯ್ತು. ಅಂಗಡಿಯವನು ಗಾಳಿಗೆ ಏನೂ ಆಗಲ್ಲ ಅಂದಿದ್ದ. ಯಾವ ಗಾಳಿಗೆ ಸ್ವಾಮಿ, ಫ್ಯಾನ್ ಗಾಳಿಗಾ? ಈ ಕಡ್ಡಿ ನೋಡಿ, ಮುರಿದೇ ಹೋಗಿದೆ. ಬಿಲ್ ಕೊಡು ಅಂದ್ರೆ ಮಷಿನ್ ಕೆಟ್ಟಿದೆ ಅಂದ. ಇಲ್ಲಿಯವರು ಯಾಕೆ ಕೊಡೆ ಹಿಡಿಯಲ್ಲ, ಜಾಕೆಟ್ ಟೋಪಿ ಎಳ್ಕೊಂಡು ನೆನೀತಾನೇ ಹೋಗ್ತಾರೆ ಅಂತ ಈಗ ಅರ್ಥ ಆಯ್ತು. ಊರಲ್ಲಿ ಅಜ್ಜನ ಕೊಡೆ ಇನ್ನೂ ಇದೆ, ಮರದ ಹಿಡಿಯದ್ದು. ಮಲೆನಾಡಿನ ಮಳೆಗೇ ಜಗ್ಗಿಲ್ಲ ಅದು. ಸರಿ, ಸರಿ, ಶಾಟ್ ಮುಗೀತಾ ಬಂತು.

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮೆಗ್ರಾ 1985ರ ಎಫ್‌ಎ ಕಪ್, ಅಂದ್ರೆ ಇಂಗ್ಲೆಂಡ್‌ನ ನಾಕೌಟ್ ಕಪ್, ಗೆದ್ರು. ಆಮೇಲೆ ಮ್ಯಾನೇಜರ್ ಆಗಿ ಅಲೆಕ್ಸ್ ಫರ್ಗುಸನ್ ಬಂದ್ರು. ಮೆಗ್ರಾ ಮಂಡಿ ಹಾಳಾಗಿತ್ತು, ಕುಡಿತ ಬೇರೆ ಜೋರು. ದುಡ್ಡು ತಗೊಂಡು ರಿಟೈರ್ ಆಗು ಅಂತ ಕ್ಲಬ್ ಹೇಳ್ತು. ಒಪ್ಪಲಿಲ್ಲ. 1989ರಲ್ಲಿ ಆಸ್ಟನ್ ವಿಲ್ಲಾ ಅನ್ನೋ ಇನ್ನೊಂದು ಇಂಗ್ಲಿಷ್ ಕ್ಲಬ್‌ಗೆ ಹೋದ್ರು. ಫರ್ಗುಸನ್ ಮಾಡಿದ್ದು ಶುದ್ಧ ದಡ್ಡತನ. ಹಾಗೆ ನೋಡಿದ್ರೆ... ಹಿಂದಿನ ರಾತ್ರಿ ಕುಡಿದ ಆಟಗಾರ ಬೆಳಿಗ್ಗೆ ಬರ್ತಾನೋ ಇಲ್ವೋ ಗೊತ್ತಿಲ್ಲದಿದ್ರೆ ನಾನಾದ್ರೂ ಏನು ಮಾಡ್ತಿದ್ದೆ?

ಆದ್ರೆ ವಿಲ್ಲಾದಲ್ಲಿ ನೋಡಿ! ಮಂಡಿ ಉಳಿಸೋಕೆ ವಾರವಿಡೀ ಪ್ರಾಕ್ಟೀಸೇ ಇಲ್ಲದ ಹಾಗೆ, ಶನಿವಾರ ಬಂದು ಮ್ಯಾಚ್ ಆಡೋದು. ಓಡಿ ಹಿಡಿಯೋ ಕಾಲಲ್ಲ, ಅದಕ್ಕೆ ಚೆಂಡು ಬರೋ ಜಾಗದಲ್ಲಿ ಮೊದಲೇ ಹೋಗಿ ನಿಂತಿರ್ತಿದ್ರು. 1993ರಲ್ಲಿ ಇಂಗ್ಲೆಂಡ್‌ನ ವೃತ್ತಿಪರ ಆಟಗಾರರೇ ಓಟು ಹಾಕಿ ವರ್ಷದ ಆಟಗಾರ ಅಂತ ಆರಿಸಿದ್ರು. ಪ್ರಾಕ್ಟೀಸ್ ಪ್ರಾಕ್ಟೀಸ್ ಅಂತ ಪ್ರಾಣ ತಿನ್ನೋ ಕೋಚ್‌ಗಳಿಗೆ ಇದನ್ನ ತೋರಿಸಿ. ಮಕ್ಕಳಿಗೆ ಬೇಡ.

ನನಗೆ ಇಷ್ಟವಾದ ಮ್ಯಾಚ್ ಅಂದ್ರೆ 1994ರ ವಿಶ್ವಕಪ್, ಅಮೆರಿಕದ ಜೈಂಟ್ಸ್ ಸ್ಟೇಡಿಯಂ, ಎದುರಿಗೆ ಇಟಲಿ, ಅದರಲ್ಲೂ ಅವರ ಸ್ಟಾರ್ ಫಾರ್ವರ್ಡ್ ಬಾಜ್ಜೊ. ಮೆಗ್ರಾಗೆ 34 ವಯಸ್ಸು, ಮಂಡಿ ಜೊತೆ ಭುಜದ ನೋವೂ ಇತ್ತು. ತಲೆ, ಕಾಲು, ಮುಖ, ಸಿಕ್ಕಿದ್ದನ್ನೆಲ್ಲ ಅಡ್ಡ ಕೊಟ್ರು. ರೇ ಹೌಟನ್ ಗೋಲಿಗೆ ಐರ್ಲೆಂಡ್ 1-0. ಎಲ್ಲರೂ ಹೌಟನ್ ಗೋಲ್ ಅಂತಾರೆ, ನಾನು ಮೆಗ್ರಾ ಮ್ಯಾಚ್ ಅಂತೀನಿ. ಜಗಳ ಆಡೋರು ಆಡಿ.

ಇನ್ನೊಂದು, ಟ್ರಾಮ್ ಬರೋದ್ರೊಳಗೆ ಹೇಳ್ಬಿಡ್ತೀನಿ. ಅದೇ ವರ್ಷ, ವಿಶ್ವಕಪ್‌ಗೆ ಮೊದಲು, ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ ಇಂಗ್ಲೆಂಡ್‌ನ ಲೀಗ್ ಕಪ್ ಫೈನಲ್. ವಿಲ್ಲಾ 3, ಯುನೈಟೆಡ್ 1. ಹೌದು, ರಿಟೈರ್ ಆಗು ಅಂದಿದ್ದ ಅದೇ ಯುನೈಟೆಡ್! ಬಂತು ಬಂತು, ಓಡ್ಬೇಕು, ಕ್ಯಾಮೆರಾ ಆಫ್ ಮಾಡ್ತೀನಿ.